ತಾರೀಖಿಲ್ಲದ ಪೈಂಕಿಳಿ ಹಾಳೆಗಳಿಗೆ ಇಸವಿ ಹಚ್ಚಿದ್ದು

ಕೇರಳದ ವಾರಪತ್ರಿಕೆಗಳಿಂದ ಓದುಗರು ಕತ್ತರಿಸಿ, ಹೊಲಿದಿಟ್ಟ, ‘ಪೈಂಕಿಳಿ’ ಎಂದು ಕರೆಯುವ ಮಲಯಾಳ ಪ್ರೇಮ ಧಾರಾವಾಹಿಗಳಿಗೆ ಇಸವಿ ಹಚ್ಚಲು ಆಗುವುದೇ ಇಲ್ಲ ಎನ್ನುವುದು ಹಳೇ ಕಾಗದ ಕೂಡಿಡುವ ನಮ್ಮವರ ಮಾತು. ಕಥೆಯ ಪುಟ ಉಳಿಸಿಕೊಂಡು ರಕ್ಷಾಪುಟ ಎಸೆದಿರುತ್ತಾರೆ, ತಾರೀಖೂ ಅದರೊಟ್ಟಿಗೆ ಹೋಗಿರುತ್ತದೆ. ನನ್ನಲ್ಲಿರುವ ಕಟ್ಟುಗಳಲ್ಲಿ ಹೆಚ್ಚುಕಡಿಮೆ ಮುಕ್ಕಾಲು ಪಾಲಿಗೆ ಈಗ ಎರಡು-ಮೂರು ವರ್ಷದ ಅಂತರದಲ್ಲಿ ಕಾಲ ಹೇಳಬಲ್ಲೆ. ಆಗಲ್ಲ ಎಂದವರು ಹೇಗೆ ಎಂದು ಕೇಳುತ್ತಿರುವುದರಿಂದ ಬರೆಯುತ್ತಿದ್ದೇನೆ.

ಕಥೆ ಓದುತ್ತ ಕೂತರೆ ಕಾಲ ಸಿಗುವುದಿಲ್ಲ, ಹಾಳೆ ಮಗುಚಬೇಕು. ಹಿಂಬದಿಯಲ್ಲಿ ಜಾಹೀರಾತೋ ಓದುಗರ ಪತ್ರವೋ ಇದ್ದೇ ಇರುತ್ತದೆ. ಬೆಲೆ ನಯಾಪೈಸೆಯಲ್ಲಿದ್ದರೆ 1957ರಿಂದ 1964ರೊಳಗಿನ ಹಾಳೆ. ವಿಳಾಸದಲ್ಲಿ ಪಿನ್‌ಕೋಡ್ ಇದ್ದರೆ 1972ರ ಆಗಸ್ಟ್‌ನ ಈಚೆಯದು. ಎಲ್ಲಕ್ಕಿಂತ ಉಪಕಾರಿ ಜಿಲ್ಲೆಯ ಹೆಸರು: ಇಡುಕ್ಕಿ 1972ರ ಜನವರಿಯಲ್ಲಿ, ಪತ್ತನಂತಿಟ್ಟ 1982ರ ನವೆಂಬರಿನಲ್ಲಿ, ನಮ್ಮ ಕಾಸರಗೋಡು 1984ರ ಮೇ ತಿಂಗಳಲ್ಲಿ ಜಿಲ್ಲೆಗಳಾದವು. ಒಂದು ಎಚ್ಚರ. ಹೊಸ ಜಿಲ್ಲೆಯ ಹೆಸರು ಗಟ್ಟಿ ಸಾಕ್ಷಿ, ಹಳೆಯ ಹೆಸರು ಬರೀ ಸುಳಿವು. ಕಾಸರಗೋಡಿನವರು ಜಿಲ್ಲೆಯಾದ ಮೇಲೂ ಅಭ್ಯಾಸಬಲದಿಂದ ‘ಕಣ್ಣೂರು ಜಿಲ್ಲೆ’ ಎಂದೇ ಬರೆದಿರಬಹುದಲ್ಲ.

ಲಿಪಿಯಿಂದಲೂ ತಿಳಿಯುತ್ತದೆ. 1971ರ ಮಲಯಾಳ ಲಿಪಿ ಸುಧಾರಣೆಯಲ್ಲಿ ಉಕಾರ, ಊಕಾರಗಳನ್ನು ಅಕ್ಷರದಿಂದ ಬಿಡಿಸಿದರು, ಒತ್ತಕ್ಷರ ಕಡಿಮೆ ಮಾಡಿದರು. ಆದರೆ ಇದ್ದ ಅಚ್ಚುಮೊಳೆಗಳನ್ನು ಯಾವ ಪ್ರೆಸ್ಸಿನವನೂ ಅದೇ ದಿನ ಎಸೆಯುವುದಿಲ್ಲ. ಕಥೆಯ ಶೀರ್ಷಿಕೆಯನ್ನಂತೂ ನೋಡಲೇಬೇಡಿ. ಅದು ಚಿತ್ರಕಾರ ಕೈಯಲ್ಲಿ ಬರೆದದ್ದು, ಅವನಿಗೆ ಹಳೇ ಲಿಪಿಯೇ ಚಂದ. ಮೈಬರಹದ ಹತ್ತಿಪ್ಪತ್ತು ಸಾಲು ನೋಡಿ ತೀರ್ಮಾನಿಸಿ.

ಕಾಗದದ ಬಣ್ಣ ನೋಡಿ ಹೇಳಬಹುದು ಎಂದು ಹಲವರ ಸಲಹೆ. ಪೂರಾ ಸುಳ್ಳು. ನ್ಯೂಸ್‌ಪ್ರಿಂಟ್‌ನಲ್ಲಿ ಆಮ್ಲವಿರುತ್ತದೆ, ಒಲೆಯ ಮೇಲಿನ ಅಟ್ಟದಲ್ಲಿದ್ದ ಎಂಬತ್ತರ ದಶಕದ ಹಾಳೆ, ಪೆಟ್ಟಿಗೆಯಲ್ಲಿದ್ದ ಅರವತ್ತರ ಹಾಳೆಗಿಂತ ಕಂದಾಗಿ ಮುರಿಯುತ್ತದೆ. ಕಂಪ್ಯೂಟರಿನಿಂದ ಓದಿಸುವ ಪ್ರಯತ್ನವೂ ದಂಡ. ಚಿತ್ರದಿಂದ ಅಕ್ಷರ ಓದುವ ಟೆಸರಾಕ್ಟ್ ತಂತ್ರಾಂಶ ಹೊಸ ಲಿಪಿಯನ್ನು ಸುಮಾರಾಗಿ ಓದಿತು, ಹಳೆಯದರ ಒತ್ತಕ್ಷರಗಳಲ್ಲಿ ಎಡವಿತು. ಮೇಲಿಂದ ಚಿಲ್ಲಕ್ಷರದ, ಅಂದರೆ ಸ್ವರವಿಲ್ಲದ ವ್ಯಂಜನಕ್ಕಿರುವ ಮಲಯಾಳ ಅಕ್ಷರದ ಕಾಟ: ಯೂನಿಕೋಡಿನಲ್ಲಿ ಅದಕ್ಕೆ ಎರಡು ಬಗೆ, ಹಳೆಯದು ಒಂದು, 2008ರಲ್ಲಿ ಬಂದದ್ದು ಇನ್ನೊಂದು. ಒಂದೇ ಊರಿನ ಹೆಸರನ್ನು ಎರಡು ಸಲ ಹುಡುಕಬೇಕು. ಪುಟಕ್ಕೆ ಇಪ್ಪತ್ತೋ ಇಪ್ಪತ್ತೈದೋ ರೂಪಾಯಿ ಕೊಟ್ಟು ಟೈಪ್ ಮಾಡಿಸಿದ್ದರಲ್ಲಿ ಸಾವಿರಾರು ರೂಪಾಯಿ ಕರಗಿತು. ಈಗ ವಿಳಾಸ, ಬೆಲೆ, ಸಿನಿಮಾ ಜಾಹೀರಾತು ಇಷ್ಟನ್ನೇ ಟೈಪ್ ಮಾಡುವುದು.  

ಹಾಳೆ ಉಳಿಸಿಕೊಳ್ಳುವ ಬಗೆಯನ್ನೂ ಹೇಳಿಬಿಡುತ್ತೇನೆ. ಸ್ಕ್ಯಾನ್ 400 ಡಿಪಿಐ, ಗ್ರೇ. ಹಾಳೆಯ ಹಿಂದೆ ಕರೀ ರಟ್ಟು ಇಡಿ, ಇಲ್ಲದಿದ್ದರೆ ಬೆನ್ನಿನ ಅಕ್ಷರ ಈಚೆ ಮೂಡುತ್ತದೆ. ತುಕ್ಕು ಪಿನ್ನನ್ನು ಎಳೆಯಬಾರದು, ಒಳಬದಿಯ ಕಾಲುಗಳನ್ನು ಮೊಂಡು ಚಾಕುವಿನಿಂದ ನೆಟ್ಟಗೆ ಮಾಡಿ ಹೊರಗಿನಿಂದ ಎತ್ತಬೇಕು. ಮೈದಾ ಅಂಟು ಬೇಡ, ಬೆಳ್ಳಿಹುಳಕ್ಕೆ ಔತಣ. ಗೋಧಿ ಪಿಷ್ಟದ ತೆಳು ಅಂಟು, ಜಪಾನಿ ಟಿಶ್ಯೂ ಸಾಕು. ಹಳೇ ಸೆಲೋಟೇಪಿನ ಜಿಗುಟು ತೆಗೆಯುವುದಕ್ಕೆ ನನ್ನದೇ ಒಂದು ಉಪಾಯವಿದೆ, ಅದು ನನ್ನ ಹತ್ತಿರವೇ ಇರಲಿ.

ಇಸವಿ ಹಚ್ಚಿ ಸಾಲಾಗಿ ಜೋಡಿಸಿದ ಮೇಲೆ ಈ ಪ್ರಕಾರದ ಮುಖ ಕಾಣುತ್ತದೆ. ಮುಟ್ಟತ್ತು ವರ್ಕಿಯವರ 1955ರ ಕಾದಂಬರಿ ‘ಪಾಡಾತ್ತ ಪೈಂಕಿಳಿ’ಯಿಂದ ಇಡೀ ಪ್ರಕಾರಕ್ಕೆ ಹೆಸರು ಬಿತ್ತು. ಆರಂಭದ ಕಟ್ಟುಗಳಲ್ಲಿ ಇಗರ್ಜಿ, ಬಡ ಕ್ರೈಸ್ತ ಮನೆ, ವರದಕ್ಷಿಣೆ. ಪಿನ್‌ಕೋಡಿನ 1972ರ ಗೆರೆ ದಾಟಿದ ಮೇಲೆ ನನ್ನ ಕಟ್ಟುಗಳಲ್ಲಿ ನರ್ಸು, ಗಲ್ಫ್ ದುಡ್ಡು, ರಬ್ಬರ್ ಎಸ್ಟೇಟಿನ ಬಂಗಲೆ ಹೆಚ್ಚುತ್ತವೆ. ಎಂಬತ್ತರ ದಶಕದ ಹಾಳೆ ಗುಜರಿಯಲ್ಲಿ ರಾಶಿ ಸಿಗುವುದಕ್ಕೂ ಕಾರಣವಿದೆ: 1969ರಲ್ಲಿ ಕೋಟ್ಟಯಂನಲ್ಲಿ ಶುರುವಾದ ‘ಮಂಗಳಂ’ ವಾರಪತ್ರಿಕೆಯ ಪ್ರಸಾರ ಆ ದಶಕದ ನಡುವೆ 17 ಲಕ್ಷ ಮುಟ್ಟಿತ್ತು ಎನ್ನುತ್ತಾರೆ. 1993ರಲ್ಲಿ ಏಷ್ಯಾನೆಟ್ ಟಿವಿ ಚಾನೆಲ್ ಬಂದು ಸಂಜೆಯ ಸೀರಿಯಲ್ಲುಗಳು ಅದೇ ಓದುಗರನ್ನು ಎಳೆದುಕೊಂಡವು. ಈಗಿನ ಪೀಳಿಗೆ ಅದೇ ಕಂತಿನ ರುಚಿಯನ್ನು ಬೆಂಗಳೂರಿನ ‘ಪ್ರತಿಲಿಪಿ’ ಕಥಾ ಆ್ಯಪ್‌ನಲ್ಲಿ ಹುಡುಕುತ್ತಿದೆ, ಮಲಯಾಳದಲ್ಲೂ ಕನ್ನಡದಲ್ಲೂ.

ಪುಸ್ತಕವಾಗಿ ಬಂದ ಒಂದೆರಡನ್ನು ಕಂತುಗಳ ಜೊತೆ ಹೋಲಿಸಿಯೂ ನೋಡಿದೆ. ಪ್ರತಿ ಕಂತಿನ ಆರಂಭದಲ್ಲಿ ಹಿಂದಿನದನ್ನು ನೆನಪಿಸುವ ಸಾಲುಗಳು ಪುಸ್ತಕದಲ್ಲಿಲ್ಲ. ಕೊನೆಯ ಬೆಚ್ಚಿಬೀಳಿಸುವ ಸಾಲು ಅಧ್ಯಾಯದ ಕೊನೆಗೇ ಕೂತಿದೆ. ಅಧ್ಯಾಯಗಳು ಒಂದೇ ಅಳತೆಯಲ್ಲಿ ಕಡಿದ ಕಬ್ಬಿನ ತುಂಡಿನಂತೆ ಕಾಣುವುದು ಅದಕ್ಕೇ, ವಿಮರ್ಶಕರು ಬೈದದ್ದೂ ಅದನ್ನೇ. ಹೆಸರು ಕೆಟ್ಟಷ್ಟು ಹಸಿಹಸಿ ಇಲ್ಲಿಲ್ಲ, ಪ್ರಣಯ ಮಲಗುವ ಕೋಣೆಯ ಬಾಗಿಲಲ್ಲೇ ನಿಲ್ಲುತ್ತದೆ.

ಬಾಗಿಲು ದಾಟುವುದು ‘ಕೊಚ್ಚುಪುಸ್ತಕಂ’ ಎಂಬ ಅಶ್ಲೀಲ ಕಿರುಹೊತ್ತಿಗೆ, ಅದು ಬೇರೆಯೇ ವ್ಯಾಪಾರ. ನನ್ನ ಕೈಗೆ ಬಂದವುಗಳಲ್ಲಿ ನಿಜವಾದ ಲೇಖಕನ ಹೆಸರಿಲ್ಲ, ಪ್ರೆಸ್ಸಿನ ವಿಳಾಸವಿಲ್ಲ, ಓದುಗರ ಪತ್ರವಂತೂ ಇಲ್ಲವೇ ಇಲ್ಲ. ಅವುಗಳ ಮೇಲೆ ಈ ವಿಧಾನ ನಡೆಯುವುದಿಲ್ಲ. ಹೊಸ ಲಿಪಿ ಇದ್ದರೆ 1971ರ ಈಚೆಯದು ಎಂದು ಹೇಳಬಹುದು, ಅಷ್ಟೇ.