ವಿಮಾನದ ಕ್ಯಾಬಿನ್‌ನಲ್ಲಿ ಅಗ್ನಿಶಾಮಕ: ನಿಯಮ, ತಪಾಸಣೆ ಮತ್ತು ಬಳಸುವ ಕ್ರಮ

ಕೈಯಲ್ಲಿ ಹಿಡಿದು ಬಳಸುವ ಅಗ್ನಿಶಾಮಕಗಳು ಪ್ರಯಾಣಿಕ ವಿಮಾನವೊಂದರಲ್ಲಿ ಎಷ್ಟಿರಬೇಕು ಎಂಬುದನ್ನು ಆಸನಗಳ ಸಂಖ್ಯೆ ನಿರ್ಧರಿಸುತ್ತದೆ. ಅಮೆರಿಕದ ವಿಮಾನಯಾನ ನಿಯಂತ್ರಣ ಸಂಸ್ಥೆ ಎಫ್‌ಎಎಯ ನಿಯಮಾವಳಿಯ 25.851ನೆಯ ಕಲಮಿನ ಪ್ರಕಾರ 7ರಿಂದ 30 ಆಸನಗಳಿಗೆ ಒಂದು, 31ರಿಂದ 60ಕ್ಕೆ ಎರಡು, 61ರಿಂದ 200ಕ್ಕೆ ಮೂರು, 201ರಿಂದ 300ಕ್ಕೆ ನಾಲ್ಕು ಇರಬೇಕು. ಕಾಕ್‌ಪಿಟ್‌ನಲ್ಲಿ ಇರಬೇಕಾದ ಒಂದು ಇದಕ್ಕೆ ಹೊರತಾದದ್ದು. ಹಾಗಾಗಿ ಬೆಂಗಳೂರಿನಿಂದ ಹುಬ್ಬಳ್ಳಿಗೆ ಹಾರುವ, ಸುಮಾರು 70 ಆಸನಗಳ ಎಟಿಆರ್ 72ರಂತಹ ವಿಮಾನಕ್ಕೂ 180 ಆಸನಗಳ ಏರ್‌ಬಸ್ ಎ320ಕ್ಕೂ ಕ್ಯಾಬಿನ್ ಲೆಕ್ಕ ಕನಿಷ್ಠ ಮೂರೇ. ಕ್ಯಾಬಿನ್ ಸಿಬ್ಬಂದಿಯಾಗಲು ಅಥವಾ ವಿಮಾನ ನಿರ್ವಹಣಾ ಎಂಜಿನಿಯರ್ ಆಗಲು ಓದುತ್ತಿರುವವರು ಈ ಸಂಖ್ಯೆಗಳನ್ನು ಬಾಯಿಪಾಠ ಮಾಡಿಕೊಂಡರೆ ಸಾಲದು. ಪ್ರತಿಯೊಂದು ಸಿಲಿಂಡರ್ ಅಲ್ಲಿ ಏಕಿದೆ ಮತ್ತು ಅದರಿಂದ ಏನು ಆಗದು ಎಂಬುದನ್ನೂ ತಿಳಿದಿರಬೇಕು.

ಇಂದಿನ ನಿಯಮಗಳ ಬಹುಭಾಗ ಜೀವಹಾನಿಯ ನಂತರ ಬಂದವು. 1973ರಲ್ಲಿ ಪ್ಯಾರಿಸ್‌ನ ಓರ್ಲಿ ಬಳಿ ಬ್ರೆಜಿಲ್‌ನ ವರಿಗ್ ಸಂಸ್ಥೆಯ ವಿಮಾನದ ಹಿಂಬದಿಯ ಶೌಚಾಲಯದಲ್ಲಿ ಹೊತ್ತಿದ ಬೆಂಕಿಯಿಂದ 123 ಮಂದಿ ಸತ್ತರು. 1983ರ ಜೂನ್ 2ರಂದು ಏರ್ ಕೆನಡಾದ 797 ಸಂಖ್ಯೆಯ ಹಾರಾಟದಲ್ಲಿ ಮತ್ತೆ ಶೌಚಾಲಯದ ಕಡೆಯಿಂದಲೇ ಹೊಗೆ ಬಂತು. ವಿಮಾನ ಸಿನ್ಸಿನಾಟಿಯಲ್ಲಿ ಇಳಿದರೂ, ಬಾಗಿಲು ತೆರೆದ ಸ್ವಲ್ಪ ಹೊತ್ತಿಗೇ ಕ್ಯಾಬಿನ್ ಪೂರ್ತಿ ಹೊತ್ತಿಕೊಂಡು 46 ಮಂದಿಯಲ್ಲಿ 23 ಮಂದಿ ಉಳಿಯಲಿಲ್ಲ. ಅಂದು ಸಿಬ್ಬಂದಿ ಶೌಚಾಲಯದೊಳಗೆ ಕಾರ್ಬನ್ ಡೈಆಕ್ಸೈಡ್ ಸಿಂಪಡಿಸಿದ್ದರು. ಬೆಂಕಿಯಾದರೋ ಫಲಕಗಳ ಹಿಂದೆ ಬೆಳೆಯುತ್ತಿತ್ತು. 1985ರಲ್ಲಿ ಎಫ್‌ಎಎ ಶೌಚಾಲಯಗಳಿಗೆ ಹೊಗೆ ಪತ್ತೆ ಸಾಧನವನ್ನೂ ಕಸದ ತೊಟ್ಟಿಗೆ ತಾನಾಗಿ ಸುರಿಯುವ ಅಗ್ನಿಶಾಮಕವನ್ನೂ ಕಡ್ಡಾಯಗೊಳಿಸಿತು. ದೊಡ್ಡ ವಿಮಾನಗಳ ಕ್ಯಾಬಿನ್‌ನಲ್ಲಿ ಕನಿಷ್ಠ ಎರಡು ಸಿಲಿಂಡರ್‌ಗಳಲ್ಲಿ ಬೆಂಕಿ ಆರಿಸುವ ರಾಸಾಯನಿಕ ಹ್ಯಾಲಾನ್ 1211 ಇರಬೇಕೆಂದೂ ಹೇಳಿತು. ವಿಮಾನದಲ್ಲಿ ಧೂಮಪಾನ ನಿಷಿದ್ಧವಾಗಿದ್ದರೂ ಶೌಚಾಲಯದ ಬಾಗಿಲಲ್ಲಿ ಇಂದಿಗೂ ಬೂದಿತಟ್ಟೆ ಇರಲೇಬೇಕು. ನಿಷೇಧ ಮೀರಿ ಸೇದಿದವನು ಸಿಗರೇಟನ್ನು ಕಾಗದ ತುಂಬಿದ ತೊಟ್ಟಿಗೆ ಎಸೆಯದಿರಲಿ ಎಂಬ ಈ ಮುನ್ನೆಚ್ಚರಿಕೆ ನನ್ನ ದೃಷ್ಟಿಯಲ್ಲಿ ಬಹಳ ವಿವೇಕದ್ದು.

ಹ್ಯಾಲಾನ್ ಓಜೋನ್ ಪದರಕ್ಕೆ ಹಾನಿಕರ. 1987ರ ಮಾಂಟ್ರಿಯಲ್ ಒಪ್ಪಂದದ ಫಲವಾಗಿ ಅಭಿವೃದ್ಧಿ ಹೊಂದಿದ ದೇಶಗಳಲ್ಲಿ ಅದರ ಉತ್ಪಾದನೆ 1994ರ ಆರಂಭಕ್ಕೇ ನಿಂತಿತು. ವಿಮಾನಗಳು ಮರುಬಳಕೆಯ ದಾಸ್ತಾನಿನ ಮೇಲೆ ನಡೆದು ಬಂದಿವೆ. 2018ರ ಡಿಸೆಂಬರ್ 31ರಿಂದ ಮೊದಲ ಬಾರಿ ಹಾರಾಟ ಅರ್ಹತಾ ಪತ್ರ ಪಡೆಯುವ ವಿಮಾನಗಳ ಕೈ ಅಗ್ನಿಶಾಮಕಗಳಲ್ಲಿ ಪರ್ಯಾಯ ದ್ರವ್ಯವಿರಬೇಕು ಎಂಬುದು ವಿಶ್ವಸಂಸ್ಥೆಯ ನಾಗರಿಕ ವಿಮಾನಯಾನ ಸಂಸ್ಥೆ ಐಸಿಎಒದ ಮಾನದಂಡ. ಇದರಿಂದಾಗಿ ಒಂದೇ ಸಂಸ್ಥೆಯ ಹಳೆಯ ವಿಮಾನದಲ್ಲಿ ಹ್ಯಾಲಾನ್, ಹೊಸದರಲ್ಲಿ 2-ಬಿಟಿಪಿ ಎಂಬ ಪರ್ಯಾಯ ದ್ರವ್ಯ ಇರುವುದು ಸಹಜ. ವಿಮಾನ ಬದಲಾದಾಗಲೆಲ್ಲ ಲೇಬಲ್ ಓದಿ.

ಹಾರಾಟಕ್ಕೆ ಮುಂಚಿನ ತಪಾಸಣೆಯನ್ನು ಕೈಮುಟ್ಟಿ ಮಾಡಬೇಕು. ಸಿಲಿಂಡರ್ ತನ್ನ ಗೊತ್ತಾದ ಜಾಗದಲ್ಲಿ ಬಿಗಿಯಾಗಿ ಕೂತಿದೆಯೇ, ಪಿನ್ ಮತ್ತು ಸೀಲ್ ಮುರಿಯದೆ ಇವೆಯೇ, ಒತ್ತಡದ ಮುಳ್ಳು ಹಸಿರು ಪಟ್ಟಿಯಲ್ಲಿದೆಯೇ, ನಳಿಕೆಯ ಬಾಯಿ ಸ್ವಚ್ಛವಾಗಿದೆಯೇ, ತಪಾಸಣಾ ಚೀಟಿಯ ದಿನಾಂಕ ಮೀರಿಲ್ಲವೇ ಎಂದು ನೋಡಿ. ಪಕ್ಕದಲ್ಲೇ ಇರಬೇಕಾದ ಉಸಿರಾಟ ರಕ್ಷಣಾ ಸಾಧನವನ್ನೂ ನೋಡಿಕೊಳ್ಳಿ; ಅದು ಅಗ್ನಿಶಾಮಕದಿಂದ 3 ಅಡಿಯೊಳಗೆ ಇರಬೇಕೆಂಬುದು ಎಫ್‌ಎಎ ನಿಯಮ. ಇಲ್ಲಿ ಬಹಳ ಮಂದಿ ಗಮನಿಸದ ಒಂದು ಅಂಶವಿದೆ. ಮುಳ್ಳು ತೋರಿಸುವುದು ಒಳಗಿನ ಒತ್ತಡವನ್ನು ಮಾತ್ರ, ದ್ರವ್ಯ ಎಷ್ಟಿದೆ ಎಂಬುದನ್ನಲ್ಲ. ಅದಕ್ಕಾಗಿಯೇ ನಿರ್ವಹಣಾ ವಿಭಾಗ ನಿಗದಿತ ಅವಧಿಗೊಮ್ಮೆ ಸಿಲಿಂಡರನ್ನು ಇಳಿಸಿ ತೂಕ ಮಾಡುತ್ತದೆ, ಇನ್ನೂ ದೀರ್ಘ ಅವಧಿಗೊಮ್ಮೆ ಜಲಒತ್ತಡ ಪರೀಕ್ಷೆಗೆ ಕಳುಹಿಸುತ್ತದೆ. ತೂಕವೂ ಎಲ್ಲವನ್ನೂ ಹೇಳದು: 2009ರಲ್ಲಿ ಯುರೋಪಿನಲ್ಲಿ ಅಶುದ್ಧ ಹ್ಯಾಲಾನ್ ತುಂಬಿದ ಸಿಲಿಂಡರ್‌ಗಳು ವಿಮಾನಗಳಲ್ಲಿ ಇರುವುದು ಪತ್ತೆಯಾಗಿ, ಅವುಗಳನ್ನು ತೆಗೆಸಲು ಅಲ್ಲಿನ ಸುರಕ್ಷತಾ ಸಂಸ್ಥೆ ಇಯಾಸಾ ನಿರ್ದೇಶನ ಹೊರಡಿಸಬೇಕಾಯಿತು. ಮರುಪೂರಣದ ಶುದ್ಧತಾ ಪ್ರಮಾಣಪತ್ರವನ್ನು ಎಂಜಿನಿಯರ್ ಕೇಳಿ ಪಡೆಯಬೇಕಾದುದು ಈ ಕಾರಣಕ್ಕೆ.

ಬೆಂಕಿ ಕಂಡಾಗ ಒಬ್ಬರು ಅಗ್ನಿಶಾಮಕ ಹಿಡಿಯಬೇಕು, ಇನ್ನೊಬ್ಬರು ಕಾಕ್‌ಪಿಟ್‌ಗೆ ತಿಳಿಸಬೇಕು, ಮೂರನೆಯವರು ಹೆಚ್ಚಿನ ಸಾಮಗ್ರಿ ತರಬೇಕು ಮತ್ತು ಪ್ರಯಾಣಿಕರನ್ನು ದೂರ ಸರಿಸಬೇಕು. ಉಸಿರಾಟ ಸಾಧನ ಧರಿಸಿ, ಸಿಲಿಂಡರನ್ನು ನೆಟ್ಟಗೆ ಹಿಡಿದು, ಪಿನ್ ಎಳೆದು, ಸುಮಾರು ಎರಡು ಮೀಟರ್ ದೂರದಿಂದ ಜ್ವಾಲೆಯ ಬುಡಕ್ಕೆ ಗುರಿಯಿಟ್ಟು ಅಕ್ಕಪಕ್ಕಕ್ಕೆ ಬೀಸುತ್ತಾ ಸಿಂಪಡಿಸಿ. ಸಣ್ಣ ಸಿಲಿಂಡರ್ ಹತ್ತು ಸೆಕೆಂಡಿನ ಆಸುಪಾಸಿನಲ್ಲಿ ಬರಿದಾಗುವುದರಿಂದ ಗುರಿಯಿಲ್ಲದೆ ಹೊಗೆಯೊಳಗೆ ಸುರಿಸಬಾರದು. ಶೌಚಾಲಯದ ಬಾಗಿಲನ್ನು ಅಂಗೈಯ ಹಿಂಬದಿಯಿಂದ ಮುಟ್ಟಿ ನೋಡಿ. ಬಿಸಿಯಿದ್ದರೆ ನಳಿಕೆ ತೂರುವಷ್ಟು ಮಾತ್ರ ತೆರೆದು, ದ್ರವ್ಯ ಸಿಂಪಡಿಸಿ, ಕೂಡಲೇ ಮುಚ್ಚಿ. ಗೋಡೆಯ ಫಲಕ ಬಿಸಿಯಾಗಿದ್ದರೆ ಬೆಂಕಿ ಅದರ ಹಿಂದಿದೆ ಎಂದೇ ಭಾವಿಸಿ ಅಲ್ಲಿಗೆ ದ್ರವ್ಯ ತಲುಪಲು ದಾರಿ ಮಾಡಿಕೊಳ್ಳಬೇಕು.

ಪವರ್ ಬ್ಯಾಂಕ್, ಮೊಬೈಲ್, ಲ್ಯಾಪ್‌ಟಾಪ್‌ಗಳ ಲಿಥಿಯಂ ಬ್ಯಾಟರಿಯ ಬೆಂಕಿ ಇಂದಿನ ಕ್ಯಾಬಿನ್‌ನ ಅತಿ ದೊಡ್ಡ ಚಿಂತೆ. ಹ್ಯಾಲಾನ್ ಜ್ವಾಲೆಯನ್ನು ಆರಿಸುತ್ತದೆ, ಸುತ್ತಲಿನ ಬಟ್ಟೆ, ಆಸನಗಳಿಗೆ ಹಬ್ಬದಂತೆ ತಡೆಯುತ್ತದೆ, ಆದರೆ ತಂಪು ಮಾಡುವುದಿಲ್ಲ. ಆರಿದಂತೆ ಕಾಣುವ ಬ್ಯಾಟರಿ ಬೂದಿ ಮುಚ್ಚಿದ ಕೆಂಡವೇ. ಒಂದು ಕೋಶದ ಶಾಖ ಪಕ್ಕದ ಕೋಶವನ್ನು ಹೊತ್ತಿಸುತ್ತಾ ಹೋಗುತ್ತದೆ. ಆದ್ದರಿಂದ ಜ್ವಾಲೆ ಅಡಗಿದೊಡನೆ ನೀರು ಅಥವಾ ಮದ್ಯವಲ್ಲದ ಯಾವುದೇ ಪಾನೀಯವನ್ನು ಸಾಧನದ ಮೇಲೆ ಧಾರಾಳವಾಗಿ ಸುರಿಯಬೇಕು. ಮಂಜುಗಡ್ಡೆ ಇಡಬಾರದು, ಹೊದಿಕೆ ಮುಚ್ಚಬಾರದು. ಎರಡೂ ಶಾಖವನ್ನು ಒಳಗೇ ಕೂಡಿಹಾಕುತ್ತವೆ. ಬಿಸಿಯಿರುವಾಗ ಸಾಧನವನ್ನು ಎತ್ತಿ ಸಾಗಿಸಲೂಬಾರದು. ಬಿಡಿ ಬ್ಯಾಟರಿಗಳನ್ನು ಚೆಕ್-ಇನ್ ಸಾಮಾನಿನಲ್ಲಿ ಇಡಬಾರದೆಂಬ ನಿಯಮದ ಹಿಂದಿರುವ ತರ್ಕವೂ ಇದೇ: ಕ್ಯಾಬಿನ್‌ನಲ್ಲಾದರೆ ಕಾಣುತ್ತದೆ, ನೀರು ಸುರಿಯಲು ಕೈಯೊಂದಿರುತ್ತದೆ. ಪ್ರಯಾಣಿಕರಾಗಿ ನೀವು ತಲೆಯ ಮೇಲಿನ ಸಾಮಾನು ಪೆಟ್ಟಿಗೆಯಿಂದ ಹೊಗೆ ಬರುವುದನ್ನು ಕಂಡರೆ ಅದನ್ನು ತೆರೆಯದೆ ತಕ್ಷಣ ಸಿಬ್ಬಂದಿಯನ್ನು ಕರೆಯಿರಿ.

ಆರಿಸಿದ ಜಾಗವನ್ನು ವಿಮಾನ ಇಳಿಯುವವರೆಗೂ ಒಬ್ಬರು ಕಾಯುತ್ತಿರಬೇಕು. ಸ್ವಲ್ಪವೇ ಬಳಸಿದ ಸಿಲಿಂಡರನ್ನೂ ಖಾಲಿಯೆಂದೇ ಪರಿಗಣಿಸಿ, ವಿಮಾನದ ದೋಷ ಮತ್ತು ದುರಸ್ತಿಗಳನ್ನು ಬರೆದಿಡುವ ಟೆಕ್ನಿಕಲ್ ಲಾಗ್‌ನಲ್ಲಿ ದಾಖಲಿಸಿ. ಉಳಿದವು ಆ ವಿಮಾನಕ್ಕೆ ಬೇಕಾದ ಕನಿಷ್ಠ ಸಂಖ್ಯೆಗಿಂತ ಕಡಿಮೆಯಾಗುವುದಾದರೆ, ಬದಲಿ ಸಿಲಿಂಡರ್ ಅಳವಡಿಸಿ ಎಂಜಿನಿಯರ್ ಸಹಿ ಹಾಕುವವರೆಗೆ ಮುಂದಿನ ಹಾರಾಟ ಹೊರಡುವಂತಿಲ್ಲ.