ಹೊಗೆಯ ದಾರಿ, ಜನರ ದಾರಿ: ಕಟ್ಟಡಗಳ ಬೆಂಕಿ ಅಪಾಯವನ್ನು ನಾನು ನೋಡುವ, ಬರೆದಿಡುವ ಕ್ರಮ

ಬೆಂಗಳೂರಿನಲ್ಲಿ ಆಫೀಸು, ಅಂಗಡಿ, ಹೋಟೆಲ್ ಇರುವ ಕಟ್ಟಡಗಳ ಬೆಂಕಿ ಸುರಕ್ಷತೆ ಪರಿಶೀಲಿಸುವುದು ನನ್ನ ಕೆಲಸ. ಹೊಸದಾಗಿ ಈ ಕೆಲಸಕ್ಕೆ ಬರುವವರು ಮೊದಲು ಕೇಳುವುದು ಚೆಕ್‌ಲಿಸ್ಟ್. ಕೊಡುತ್ತೇನೆ. ಅದನ್ನು ತೆರೆಯುವ ಮೊದಲು ಎರಡು ಪ್ರಶ್ನೆ ತಲೆಯಲ್ಲಿರಲಿ ಅಂತ ಹೇಳುತ್ತೇನೆ. ಇಲ್ಲಿ ಹೊಗೆ ಎದ್ದರೆ ಯಾವ ಕಡೆಯಿಂದ ಮೇಲೆ ಹೋಗುತ್ತದೆ? ಒಳಗಿರುವವರು ಯಾವ ಕಡೆಯಿಂದ ಕೆಳಗೆ ಬರುತ್ತಾರೆ? ಎರಡೂ ಒಂದೇ ದಾರಿಯಾಗಿದ್ದರೆ, ಗೋಡೆಯಲ್ಲಿ ಬೆಂಕಿ ಆರಿಸುವ ಎಷ್ಟು ಸಿಲಿಂಡರ್ ನೇತು ಹಾಕಿದ್ದರೂ ಆ ಕಟ್ಟಡ ಅಪಾಯದಲ್ಲಿದೆ.

2010ರ ಫೆಬ್ರವರಿ 23ರಂದು ಹಳೇ ಏರ್‌ಪೋರ್ಟ್ ರಸ್ತೆಯ ಕಾರ್ಲ್‌ಟನ್ ಟವರ್ಸ್‌ನಲ್ಲಿ 9 ಜನ ಪ್ರಾಣ ಕಳೆದುಕೊಂಡರು. ಮಹಡಿಯಿಂದ ಮಹಡಿಗೆ ಕೇಬಲ್ ಹೋಗುವ ಕಿರಿದಾದ ಜಾಗ, ಅಂದರೆ ಡಕ್ಟ್‌ನಿಂದ ಎದ್ದ ಹೊಗೆ ಮೇಲಿನ ಮಹಡಿಗಳಿಗೆ ತುಂಬಿತು. ಉಸಿರು ಕಟ್ಟಿ ಕೆಲವರು ಕಿಟಕಿಯಿಂದ ಹಾರಿದರು. 1997ರ ಜೂನ್ 13ರಂದು ದೆಹಲಿಯ ಉಪಹಾರ್ ಚಿತ್ರಮಂದಿರದಲ್ಲಿ 59 ಜನ ಸತ್ತರು. ಬೆಂಕಿ ಹತ್ತಿದ್ದು ನೆಲಮಟ್ಟದ ಟ್ರಾನ್ಸ್‌ಫಾರ್ಮರ್‌ನಲ್ಲಿ, ಉಸಿರುಗಟ್ಟಿದ್ದು ಮೇಲೆ ಬಾಲ್ಕನಿಯಲ್ಲಿ ಕುಳಿತವರಿಗೆ. ಅಲ್ಲಿ ಹೆಚ್ಚುವರಿ ಸೀಟು ಹಾಕಿ ಹೊರಹೋಗುವ ಒಂದು ಕಡೆಯನ್ನೇ ಮುಚ್ಚಿದ್ದರು. ನಾನು ಯಾವ ಕಟ್ಟಡಕ್ಕೆ ಹೋದರೂ ಡಕ್ಟ್ ಮತ್ತು ಮೆಟ್ಟಿಲಿಗೆ ಹೆಚ್ಚು ಹೊತ್ತು ಕೊಡುವುದು ಇದಕ್ಕೇ.

ಭೇಟಿಗೆ ನಾನು ಆರಿಸುವುದು ಕೆಲಸದ ದಿನ, ಜನ ತುಂಬಿರುವ ಹೊತ್ತು. ಭಾನುವಾರ ಖಾಲಿ ಕಟ್ಟಡ ತೋರಿಸುತ್ತೇವೆ ಅಂದರೆ ಒಪ್ಪುವುದಿಲ್ಲ. ಖಾಲಿ ಮಹಡಿಯಲ್ಲಿ ಎಲ್ಲ ಬಾಗಿಲೂ ಸರಿಯಾಗಿಯೇ ಕಾಣುತ್ತದೆ. ಟೆರೇಸ್ ಹೋಟೆಲ್ ಇದ್ದರೆ ಶನಿವಾರ ರಾತ್ರಿ ಇನ್ನೊಮ್ಮೆ ಹೋಗುತ್ತೇನೆ. ಮೊದಲು ಕಟ್ಟಡದ ಸುತ್ತ ನಡೆಯುತ್ತೇನೆ. ಅಗ್ನಿಶಾಮಕ ವಾಹನ ಎಲ್ಲಿವರೆಗೆ ಬರಬಹುದು, ಪಕ್ಕದ ಜಾಗದಲ್ಲಿ ಶೆಡ್ ಎದ್ದಿದೆಯೇ, ಜನರೇಟರ್ ಎಲ್ಲಿದೆ, ನೀರು ತುಂಬುವ ಪೈಪಿನ ಮುಂದೆ ಬೈಕ್ ನಿಲ್ಲಿಸಿದ್ದಾರೆಯೇ ಅಂತ ನೋಡಿಕೊಳ್ಳುತ್ತೇನೆ. ಇದಕ್ಕೆ ಜಾಸ್ತಿ ಹೊತ್ತು ಬೇಕಾಗುವುದಿಲ್ಲ.

ಆಮೇಲೆ ಟೆರೇಸಿನಿಂದ ಕೆಳಗೆ, ಮೆಟ್ಟಿಲಿನಲ್ಲೇ ಇಳಿಯುತ್ತಾ ಬರುತ್ತೇನೆ, ಜನ ತಪ್ಪಿಸಿಕೊಳ್ಳುವುದು ಹಾಗೆಯೇ ಅಲ್ವಾ. ಪ್ರತಿ ಮಹಡಿಯಲ್ಲಿ ಎಲೆಕ್ಟ್ರಿಕಲ್ ಡಕ್ಟ್‌ನ ಬಾಗಿಲು ತೆಗೆಸುತ್ತೇನೆ. ಬೀಗದ ಕೈ ಹುಡುಕಲು ಎಷ್ಟು ಹೊತ್ತಾಯಿತು ಅನ್ನುವುದನ್ನೂ ಬರೆದುಕೊಳ್ಳುತ್ತೇನೆ. ಟಾರ್ಚ್ ಹಾಕಿ ಮೇಲೆ ಕೆಳಗೆ ನೋಡಿದಾಗ ಇನ್ನೊಂದು ಮಹಡಿಯ ಬೆಳಕು ಕಂಡರೆ ಅದು ಚಿಮಣಿಯೇ. ಪ್ರತಿ ಮಹಡಿಯ ಮಟ್ಟದಲ್ಲಿ ಕೇಬಲ್ ಸುತ್ತ ಬೆಂಕಿ ತಡೆಯುವ ವಸ್ತು ತುಂಬಿ ಮುಚ್ಚಿರಬೇಕು. ಸಾಮಾನ್ಯವಾಗಿ ಕಟ್ಟುವಾಗ ಮುಚ್ಚಿರುತ್ತಾರೆ. ನಂತರ ಇಂಟರ್ನೆಟ್ ಕೇಬಲ್ ಎಳೆಯಲು ಬಂದವರು ಒಡೆದು ಹಾಗೇ ಹೋಗಿರುತ್ತಾರೆ. ಅದಕ್ಕೇ ನಾನು 'ಮುಚ್ಚಿ' ಅಂತ ಬರೆದು ಬಿಡುವುದಿಲ್ಲ. ಕೇಬಲ್ ಕೆಲಸ ಮುಗಿದ ದಿನವೇ ಮೇಂಟೆನೆನ್ಸ್‌ನವರು ಬಂದು ನೋಡಿ ಸಹಿ ಹಾಕಬೇಕು, ಆಮೇಲೇ ಬಿಲ್ ಪಾಸ್ ಆಗಬೇಕು ಅಂತ ಬರೆಯುತ್ತೇನೆ.

ಡಕ್ಟ್ ಒಳಗೆ ಪೊರಕೆ, ಬಕೆಟ್, ರಟ್ಟಿನ ಡಬ್ಬ, ಹಳೇ ಫೈಲು ಸಿಗುವುದು ಮಾಮೂಲು. ಕ್ಲೀನಿಂಗ್ ಕೆಲಸದ ಅಕ್ಕಂದಿರನ್ನು ಬೈದು ಖಾಲಿ ಮಾಡಿಸಿದರೆ ಒಂದೇ ವಾರದಲ್ಲಿ ಮತ್ತೆ ತುಂಬುತ್ತದೆ. 'ಅಕ್ಕ, ಇದನ್ನೆಲ್ಲ ಇಡೋಕೆ ನಿಮಗೆ ಎಲ್ಲಿ ಜಾಗ ಕೊಟ್ಟಿದ್ದಾರೆ?' ಅಂತ ಕೇಳಿದರೆ ನಿಜ ಕಾರಣ ಗೊತ್ತಾಗುತ್ತದೆ. 'ಎಲ್ಲೂ ಕೊಟ್ಟಿಲ್ಲ ಸಾರ್.' ಹಾಗಾದರೆ ವರದಿಗೆ ಹೋಗಬೇಕಾದ ಪರಿಹಾರ ಬೇರೆ: ಪ್ರತಿ ಮಹಡಿಯಲ್ಲೂ ಅವರ ಸಾಮಾನಿಗೆ ಒಂದು ಸಣ್ಣ ಜಾಗ ಕೊಡಿ. ಅಪಾಯದ ಜೊತೆಗೆ ಅದರ ಕಾರಣವನ್ನೂ ಬರೆಯದಿದ್ದರೆ ವರದಿ ಅರ್ಧ ಕೆಲಸ ಮಾಡಿದಂತೆ.

ಮೆಟ್ಟಿಲ ಬಾಗಿಲಿಗೂ ಇದೇ ಮಾತು. ಬೀಗ ಹಾಕಿದ್ದರೆ ಸೆಕ್ಯೂರಿಟಿಯವರ ಮೇಲೆ ರೇಗಿ ಪ್ರಯೋಜನವಿಲ್ಲ. 'ಯಾಕಣ್ಣ ಬೀಗ?' ಅಂತ ಕೇಳಿದರೆ ಕಳ್ಳತನದ ಭಯವೋ, ಸಿಗರೇಟಿಗೆ ಹೋಗುವವರನ್ನು ತಡೆಯುವುದೋ ಏನೋ ಒಂದು ಕಾರಣ ಸಿಗುತ್ತದೆ. ಒಳಗಿನಿಂದ ತಳ್ಳಿದರೆ ತೆರೆಯುವ, ತೆರೆದಾಗ ಸದ್ದು ಮಾಡುವ ಪ್ಯಾನಿಕ್ ಬಾರ್ ಹಾಕಿದರೆ ಎರಡೂ ಸಮಸ್ಯೆ ತೀರುತ್ತವೆ. ಕಾರ್ಡ್ ತೋರಿಸಿ ತೆರೆಯುವ ಬಾಗಿಲನ್ನು ನಾನು ಯಾವತ್ತೂ ಮಾತಿನ ಮೇಲೆ ನಂಬುವುದಿಲ್ಲ. ಫೈರ್ ಅಲಾರಂ ಹೊಡೆಸಿ ನೋಡುತ್ತೇನೆ. ಆಮೇಲೆ ಕರೆಂಟ್ ತೆಗೆಸಿ ನೋಡುತ್ತೇನೆ. ಎರಡು ಸಲವೂ ಬಾಗಿಲು ತಾನಾಗಿ ಬಿಟ್ಟುಕೊಳ್ಳಬೇಕು. ಇನ್ನು ಗಾಳಿಗೆಂದು, ಹೊಗೆ ತಡೆಯಲು ಮುಚ್ಚಿಯೇ ಇರಬೇಕಾದ ಫೈರ್ ಡೋರ್‌ಗೆ ಇಟ್ಟಿಗೆ ಕೊಟ್ಟು ತೆರೆದಿಟ್ಟಿದ್ದರೆ ಅದು ಬೀಗ ಹಾಕಿದಷ್ಟೇ ಕೆಟ್ಟದ್ದು. ಹೊಗೆ ನೇರ ಮೆಟ್ಟಿಲಿಗೆ ಬರುತ್ತದೆ.

ಜನರ ಲೆಕ್ಕ ನಾನೇ ಮಾಡುತ್ತೇನೆ. ರಾಷ್ಟ್ರೀಯ ಕಟ್ಟಡ ಸಂಹಿತೆ 2016ರ 4ನೇ ಭಾಗದಲ್ಲಿ ಇದಕ್ಕೆ ಅಳತೆಗಳಿವೆ. ಆಫೀಸಿಗೆ ಒಬ್ಬರಿಗೆ 10 ಚದರ ಮೀಟರ್, ಊಟದ ಹಾಲ್‌ಗೆ 1.8 ಚದರ ಮೀಟರ್. ಮೆಟ್ಟಿಲಿನ ಅಗಲ ಒಬ್ಬರಿಗೆ 10 ಮಿಲಿಮೀಟರ್. ಈಗ 300 ಚದರ ಮೀಟರಿನ ಆಫೀಸ್ ಮಹಡಿ ತೆಗೆದುಕೊಳ್ಳಿ: 30 ಜನ. ಅದೇ ಮಹಡಿ ರೆಸ್ಟೋರೆಂಟ್ ಆದರೆ ಸುಮಾರು 167 ಜನ, ಈ ಲೆಕ್ಕದಲ್ಲಿ ಅವರಿಗೆ ಒಟ್ಟು ಸುಮಾರು 1.7 ಮೀಟರ್ ಅಗಲದ ಮೆಟ್ಟಿಲು ಬೇಕು. ಗೋಡೆ, ಕಿಟಕಿ, ಮೆಟ್ಟಿಲು ಯಾವುದೂ ಬದಲಾಗಿಲ್ಲ. ಬಾಡಿಗೆದಾರರು ಬದಲಾದರು, ಅಷ್ಟೇ. ಇಂದಿರಾನಗರ, ಕೋರಮಂಗಲದಂಥ ಕಡೆ ನಾನು ಅತಿ ಹೆಚ್ಚು ಆತಂಕಪಡುವುದು ಈ ವಿಷಯಕ್ಕೆ. ಕುರ್ಚಿ ಎಣಿಸುತ್ತೇನೆ, ನಿಂತವರನ್ನೂ ಎಣಿಸುತ್ತೇನೆ. ಮ್ಯಾನೇಜರ್ ಹೇಳಿದ ಸಂಖ್ಯೆ, ನಾನು ಎಣಿಸಿದ ಸಂಖ್ಯೆ, ಮೆಟ್ಟಿಲಿನಲ್ಲಿ ಇಳಿಯಬಹುದಾದವರ ಸಂಖ್ಯೆ ಮೂರನ್ನೂ ಅಕ್ಕಪಕ್ಕ ಬರೆಯುತ್ತೇನೆ. ಮಾಲೀಕರಿಗೆ ಅದಕ್ಕಿಂತ ಹೆಚ್ಚು ವಿವರಣೆ ಬೇಕಾಗುವುದಿಲ್ಲ.

ನೀರಿನ ವ್ಯವಸ್ಥೆಯನ್ನು ಪಂಪ್ ರೂಮಿನಲ್ಲಿ ಕೂತು ಪರೀಕ್ಷಿಸಲಾಗದು. ಒಬ್ಬರನ್ನು ಅಲ್ಲಿ ನಿಲ್ಲಿಸಿ, ನಾನು ಟೆರೇಸಿನ ಹೈಡ್ರಂಟ್ (ಬೆಂಕಿ ಆರಿಸಲು ಪೈಪ್ ಜೋಡಿಸುವ ನಲ್ಲಿ) ತೆರೆಯುತ್ತೇನೆ. ಒತ್ತಡ ಇಳಿದಂತೆ ಮೊದಲು ಪೈಪಿನ ಒತ್ತಡ ಕಾಯುವ ಸಣ್ಣ ಜಾಕಿ ಪಂಪ್, ಆಮೇಲೆ ಮೇನ್ ಪಂಪ್ ತಾನಾಗಿ ಚಾಲೂ ಆಗಬೇಕು. ಮೇನ್ ಪಂಪ್ ನಿಲ್ಲಿಸಿದರೆ ಡೀಸೆಲ್ ಪಂಪ್ ಎದ್ದುಕೊಳ್ಳಬೇಕು. ಮೇಲಿನ ಹೈಡ್ರಂಟ್‌ನಲ್ಲಿ 3.5 ಬಾರ್ ಒತ್ತಡ ಸಿಗಬೇಕು. ಬಹಳ ಸಲ ಪಂಪ್ ಚೆನ್ನಾಗಿಯೇ ಇರುತ್ತದೆ, ಪ್ಯಾನೆಲ್‌ನ ಸ್ವಿಚ್ ಮಾತ್ರ ಆಟೋ ಬಿಟ್ಟು ಮ್ಯಾನುವಲ್‌ನಲ್ಲಿ ಇರುತ್ತದೆ. ಸಿಲಿಂಡರ್‌ಗಳಲ್ಲಿ ಪೌಡರ್‌ನದ್ದಕ್ಕೆ ಒತ್ತಡ ತೋರಿಸುವ ಮುಳ್ಳು ಹಸಿರಿನಲ್ಲಿದೆಯೇ ನೋಡಬಹುದು. ಕಾರ್ಬನ್ ಡೈಆಕ್ಸೈಡ್‌ನದ್ದಕ್ಕೆ ಮುಳ್ಳೇ ಇರುವುದಿಲ್ಲ. ಅದನ್ನು ತೂಕ ಹಾಕಿಯೇ ನೋಡಬೇಕು. ತೂಕದ ಯಂತ್ರ ನನ್ನ ಕಾರಿನಲ್ಲೇ ಇರುತ್ತದೆ.

ಇನ್ನು ಬರೆಯುವ ವಿಷಯ. ನನ್ನ ಅಭಿಪ್ರಾಯದಲ್ಲಿ ಅರ್ಧ ಸುರಕ್ಷತೆ ಇರುವುದು ಇಲ್ಲೇ. 'ತುರ್ತು ನಿರ್ಗಮನ ವ್ಯವಸ್ಥೆ ತೃಪ್ತಿಕರವಾಗಿಲ್ಲ' ಅಂತ ಬರೆದರೆ ಯಾರೂ ಏನೂ ಮಾಡುವುದಿಲ್ಲ. ನಾನು ಬರೆಯುವುದು ಹೀಗೆ: 'ಮೂರನೇ ಮಹಡಿ, ಹಿಂದಿನ ಮೆಟ್ಟಿಲು. ಮಧ್ಯಾಹ್ನ 12.40ಕ್ಕೆ ಬಾಗಿಲಿಗೆ ಹೊರಗಿನಿಂದ ಬೀಗ ಇತ್ತು. ಬೀಗದ ಕೈ ನೆಲಮಹಡಿಯ ಕೌಂಟರ್‌ನಲ್ಲಿತ್ತು. ಆಗ ಮಹಡಿಯಲ್ಲಿ 64 ಜನ ಇದ್ದರು. ಅವರಿಗೆ ಉಳಿದದ್ದು ಮುಂದಿನ ಮೆಟ್ಟಿಲು ಒಂದೇ, ಅದರ ಪಕ್ಕದಲ್ಲೇ ಎಲೆಕ್ಟ್ರಿಕಲ್ ಡಕ್ಟ್ ಇದೆ.' ಎಲ್ಲಿ, ಯಾವಾಗ, ಏನು ಕಂಡಿತು, ಅದರಿಂದ ಯಾರಿಗೆ ಏನಾಗಬಹುದು. ನಂತರ ಇವತ್ತೇ ಏನು ಮಾಡಬೇಕು, ಶಾಶ್ವತವಾಗಿ ಏನು ಮಾಡಬೇಕು, ಯಾರು, ಯಾವ ತಾರೀಖಿನೊಳಗೆ. 'ಮ್ಯಾನೇಜ್‌ಮೆಂಟ್' ಅಂತ ಬರೆದರೆ ಯಾರ ತಲೆಗೂ ಬರುವುದಿಲ್ಲ, ಒಬ್ಬ ವ್ಯಕ್ತಿಯ ಹೆಸರೇ ಬೇಕು. ಪ್ರತಿ ಅಂಶಕ್ಕೂ ಒಂದು ನಂಬರ್, ಎರಡು ಫೋಟೋ: ದೂರದಿಂದ ಒಂದು, ಜಾಗ ಗುರುತು ಸಿಗಲು, ಹತ್ತಿರದಿಂದ ಒಂದು. ಅದೇ ನಂಬರನ್ನು ಮಹಡಿಯ ನಕ್ಷೆಯಲ್ಲೂ ಹಾಕುತ್ತೇನೆ.

ಅಪಾಯಕ್ಕೆ ಅಂಕ ಕೊಡುವ ಪದ್ಧತಿ ಇದೆ. ಸಂಭವ 1ರಿಂದ 5, ಪರಿಣಾಮ 1ರಿಂದ 5, ಎರಡನ್ನೂ ಗುಣಿಸುವುದು. ಕೆಲಸಗಳನ್ನು ಸಾಲಾಗಿ ಜೋಡಿಸಲು ಒಳ್ಳೆಯದು, ನಾನೂ ಬಳಸುತ್ತೇನೆ. ಆದರೆ ಹೊರಹೋಗುವ ದಾರಿ ಮುಚ್ಚಿದ್ದರೆ ಅಂಕ ಹಾಕುತ್ತಾ ಕೂರುವುದಿಲ್ಲ. ಅಲ್ಲೇ ನಿಂತು ತೆರೆಸುತ್ತೇನೆ, ಮಾಲೀಕರಿಗೆ ಫೋನ್ ಮಾಡುತ್ತೇನೆ, ಅದೇ ಸಂಜೆ ಬರಹದಲ್ಲಿ ಕಳಿಸುತ್ತೇನೆ. ಪೂರ್ತಿ ವರದಿ ಬರುವವರೆಗೆ ಜನ ಆ ಬಾಗಿಲಿನ ಹಿಂದೆ ಕೂರಬಾರದು.

ದೊಡ್ಡ ವರದಿಯ ಜೊತೆ ಸೆಕ್ಯೂರಿಟಿಯವರಿಗೆ ಕನ್ನಡದಲ್ಲಿ ಒಂದೇ ಪುಟ ಮಾಡಿಕೊಡುತ್ತೇನೆ. ರಾತ್ರಿ ಕಟ್ಟಡದಲ್ಲಿ ಇರುವವರು ಅವರೇ. ಯಾವ ಬಾಗಿಲಿಗೆ ಯಾವತ್ತೂ ಬೀಗ ಹಾಕಬಾರದು, ಕರೆಂಟ್ ಎಲ್ಲಿ ಕಡಿಯಬೇಕು, ಮೊದಲು 101ಕ್ಕೋ 112ಕ್ಕೋ ಫೋನ್, ಆಮೇಲೆ ಸಾಹೇಬರಿಗೆ. ಈ ಕೊನೆಯ ಮಾತನ್ನು ಮಾಲೀಕರ ಎದುರಿಗೇ ಓದಿ ಹೇಳುತ್ತೇನೆ. ಮೊದಲು ಸಾಹೇಬರಿಗೆ ಫೋನ್ ಮಾಡುವ ಅಭ್ಯಾಸ ಎಲ್ಲ ಕಡೆ ಇದೆ, ಅವರೇ ಬೇಡ ಅಂದರೆ ಮಾತ್ರ ಹೋಗುತ್ತದೆ.

ಸರಿಪಡಿಸಿದ್ದೇವೆ ಅಂತ ಬಿಲ್ ಕಳಿಸಿದರೆ ನಾನು ಆ ಅಂಶವನ್ನು ಮುಗಿಯಿತೆಂದು ಬರೆಯುವುದಿಲ್ಲ. ಹೋಗಿ ಬಾಗಿಲು ತಳ್ಳಿ, ಡಕ್ಟ್‌ಗೆ ಟಾರ್ಚ್ ಹಾಕಿ ನೋಡಿದ ಮೇಲೆಯೇ ತಾರೀಖು ಹಾಕುತ್ತೇನೆ. ವರದಿಯ ಮೊದಲ ಪುಟದಲ್ಲಿ ಇನ್ನೊಂದು ಸಾಲು ಇರುತ್ತದೆ: ಬಾಡಿಗೆದಾರರು ಬದಲಾದರೆ, ಒಳಗೆ ಪಾರ್ಟಿಷನ್ ಎದ್ದರೆ, ಇಂಟೀರಿಯರ್ ಕೆಲಸ ಶುರುವಾದರೆ ಈ ವರದಿ ಆ ಮಹಡಿಗೆ ಅನ್ವಯವಾಗುವುದಿಲ್ಲ, ಕೆಲಸ ಶುರುವಾಗುವ ಮೊದಲೇ ತಿಳಿಸಿ. ಪ್ಲೈವುಡ್, ತಿನ್ನರ್, ವೆಲ್ಡಿಂಗ್ ಒಂದೇ ಮಹಡಿಯಲ್ಲಿ ಸೇರುವುದು ಆಗಲೇ. ಧೂಳಿಗೆ ಸುಮ್ನೆ ಸದ್ದು ಮಾಡುತ್ತದೆ ಅಂತ ಸ್ಮೋಕ್ ಡಿಟೆಕ್ಟರ್‌ಗೆ ಪ್ಲಾಸ್ಟಿಕ್ ಕಟ್ಟುವುದೂ ಆಗಲೇ.