ಕೆಂಪು ಕಲ್ಲಿನ ಮನೆಯಲ್ಲಿ ಮೆಶ್ ವೈಫೈಗೆ ಕೇಬಲ್ ಎಳೆದದ್ದು: ನನ್ನ ಅನುಭವ

ಮೆಶ್ ವೈಫೈ (ಮನೆಯ ಬೇರೆ ಬೇರೆ ಕಡೆ ಡಬ್ಬಿ ಇಟ್ಟು ಒಂದೇ ವೈಫೈ ಹರಡುವ ವ್ಯವಸ್ಥೆ) ತಂದರೆ ವೈರ್ ತಾಪತ್ರಯವೇ ಇಲ್ಲ ಅಂತ ಅಂಗಡಿಯವರು ಹೇಳುತ್ತಾರೆ. ಪೇಟೆಯ ಫ್ಲ್ಯಾಟಿಗೆ ಅದು ಸರಿ ಇರಬಹುದು. ನಮ್ಮದು ಪುತ್ತೂರು ಕಡೆಯ ಕೆಂಪು ಕಲ್ಲಿನ ಮನೆ, ಗೋಡೆ ದಪ್ಪ, ಮಧ್ಯೆ ಆರ್‌ಸಿಸಿ ಸ್ಲ್ಯಾಬು. ಮಾಳಿಗೆ ಕೋಣೆಯಲ್ಲಿ ಫೋನ್ ನೋಡಿದರೆ ಸಿಗ್ನಲ್ ಕಡ್ಡಿ ಫುಲ್, ಆದರೆ 200 ಎಂಬಿಪಿಎಸ್ ಪ್ಲಾನಿನಲ್ಲಿ ಅಲ್ಲಿ ಸಿಗುತ್ತಿದ್ದದ್ದು 40ರ ಆಸುಪಾಸು. ಕಾರಣ ಸರಳ. ನನ್ನ ಹತ್ತಿರ ಇರುವುದು ಡೆಕೊ ಎಂ4 ಅನ್ನುವ ಮೆಶ್ ಡಬ್ಬಿಗಳು, ಡ್ಯುಯಲ್ ಬ್ಯಾಂಡ್, ಅಂದರೆ 2.4 ಮತ್ತು 5 ಗಿಗಾಹರ್ಟ್ಸ್‌ನ ಎರಡೇ ರೇಡಿಯೋ. ಮೇಲಿನ ಡಬ್ಬಿ ಕೆಳಗಿನ ಡಬ್ಬಿಯ ಜೊತೆ ಮಾತಾಡಲಿಕ್ಕೂ ನನ್ನ ಲ್ಯಾಪ್‌ಟಾಪ್ ಜೊತೆ ಮಾತಾಡಲಿಕ್ಕೂ ಅದೇ 5 ಗಿಗಾಹರ್ಟ್ಸ್ ರೇಡಿಯೋ ಬಳಸುತ್ತದೆ, ಹಾಗಾಗಿ ವೇಗ ಅಲ್ಲೇ ಅರ್ಧ ಹೋಯ್ತು, ಉಳಿದದ್ದನ್ನು ಸ್ಲ್ಯಾಬು ನುಂಗಿತು. ಡಬ್ಬಿ ಡಬ್ಬಿಯ ಮಧ್ಯೆ ಕೇಬಲ್ ಹಾಕಿದರೆ ಈ ಎರಡೂ ತೊಂದರೆ ಒಟ್ಟಿಗೇ ಹೋಗುತ್ತವೆ.

ಗೋಡೆ ಒಡೆಯಲಿಕ್ಕೆ ಮನೆಯಲ್ಲಿ ಯಾರೂ ಒಪ್ಪುವುದಿಲ್ಲ, ನನಗೂ ಮನಸ್ಸಿರಲಿಲ್ಲ. ಆಗ ಕಣ್ಣಿಗೆ ಬಿದ್ದದ್ದು ಹಾಲ್‌ನಿಂದ ಮಾಳಿಗೆಗೆ ಹೋಗುವ ಹಳೇ ಡಿಶ್ ಕೇಬಲ್. ಈಗ ಟಿವಿ ಇಂಟರ್ನೆಟ್‌ನಲ್ಲೇ ಬರುತ್ತದೆ, ಡಿಶ್ ತಟ್ಟೆಯಲ್ಲಿ ಹಕ್ಕಿ ಕೂರುತ್ತದೆ ಅಷ್ಟೇ. ಈ ಡಿಶ್ ಕೇಬಲ್ (ಆರ್‌ಜಿ6) ಸುಮಾರು 7 ಮಿಲಿಮೀಟರ್ ದಪ್ಪ, ನಾನು ಹಾಕಬೇಕಿದ್ದ ಲ್ಯಾನ್ ಕೇಬಲ್ ಕ್ಯಾಟ್6 (ಒಳಗೆ ಎಂಟು ತಂತಿ, ನಾಲ್ಕು ಜೋಡಿಯಾಗಿ ತಿರುಚಿದ್ದು) ಸುಮಾರು 6. ಅದು ಹೋದ ಪೈಪಿನಲ್ಲಿ ಇದು ಹೋಗೇ ಹೋಗುತ್ತದೆ. ಡಿಶ್ ಕೇಬಲಿನ ತುದಿ ಕೆತ್ತಿ ಒಳಗಿನ ತಂತಿಯನ್ನು ಕ್ಯಾಟ್6ನ ತಂತಿಗಳ ಜೊತೆ ಹೆಣೆದೆ. ಮೇಲೆ ಟೇಪು, ತುದಿ ಕಡೆಗೆ ತೆಳ್ಳಗೆ ಆಗುವ ಹಾಗೆ. ಗಂಟು ದಪ್ಪ ಆದರೆ ಬೆಂಡಿನಲ್ಲಿ ಸಿಕ್ಕಿಕೊಳ್ಳುತ್ತದೆ. ಟಾಲ್ಕಂ ಪೌಡರ್ ಧಾರಾಳ ಉದುರಿಸಿ, ತಮ್ಮ ಕೆಳಗಿನಿಂದ ತಳ್ಳುತ್ತಾ ಬಂದ, ನಾನು ಮೇಲಿನಿಂದ ಎಳೆದೆ. ಒಬ್ಬರೇ ಮಾಡುವ ಕೆಲಸ ಅಲ್ಲ ಇದು, ಬರೀ ಎಳೆದರೆ ಕೇಬಲ್ ಒಳಗೇ ಹಿಗ್ಗುತ್ತದೆ ಇಲ್ಲವೇ ಟೇಪು ಬಿಚ್ಚಿಕೊಳ್ಳುತ್ತದೆ. ಕ್ಯಾಟ್6ನ ಜೊತೆಗೇ ಒಂದು ನೈಲಾನ್ ದಾರವನ್ನೂ ಎಳೆದು ಬಿಟ್ಟಿದ್ದೇನೆ, ಮುಂದೆ ಇನ್ನೊಂದು ಕೇಬಲ್ ಬೇಕಾದರೆ ಇರಲಿ ಅಂತ. ಪಕ್ಕದಲ್ಲೇ ಕರೆಂಟಿನ ಪೈಪ್ ಇನ್ನೂ ಸಲೀಸಾಗಿತ್ತು, ಆದರೆ 230 ವೋಲ್ಟಿನ ವೈರ್ ಜೊತೆ ಲ್ಯಾನ್ ಕೇಬಲ್ ತುರುಕಲೇಬಾರದು. ಇಂಟರ್ನೆಟ್ ಹೋಗುವುದು ಇರಲಿ, ಇನ್ಸುಲೇಶನ್ ಸುಲಿದರೆ ಪ್ರಾಣಕ್ಕೇ ಅಪಾಯ.

ಕೇಬಲ್ ಕೊಳ್ಳುವಾಗ ಒಂದು ವಿಷಯ ಗಮನಿಸಿ. ತೀರಾ ಅಗ್ಗಕ್ಕೆ ಸಿಗುವ ಕ್ಯಾಟ್6ನಲ್ಲಿ ಬಹಳಷ್ಟು ಸಿಸಿಎ, ಅಂದರೆ ಅಲ್ಯೂಮಿನಿಯಂ ತಂತಿ, ಮೇಲೆ ತಾಮ್ರದ ಲೇಪ. ತುಂಡು ಇಸ್ಕೊಂಡು ತಂತಿಯನ್ನು ಬ್ಲೇಡಿನಲ್ಲಿ ಕೆರೆದು ನೋಡಿ. ಒಳಗೆ ಬೆಳ್ಳಗೆ ಕಂಡರೆ ಅಲ್ಲೇ ಬಿಟ್ಟು ಬನ್ನಿ. ನಾಲ್ಕು ಸಲ ಬಗ್ಗಿಸಿದರೆ ಮುರಿಯುತ್ತದೆ, ನಮ್ಮ ಕಡೆಯ ತೇವಕ್ಕೆ ಜಾಯಿಂಟಿನಲ್ಲಿ ಹಾಳೂ ಆಗುತ್ತದೆ. ಅಪ್ಪಟ ತಾಮ್ರದ ಕ್ಯಾಟ್6 100 ಮೀಟರ್ ತನಕ ಗಿಗಾಬಿಟ್ (1000 ಎಂಬಿಪಿಎಸ್) ಒಯ್ಯುತ್ತದೆ. ಮನೆಗೆ ಕ್ಯಾಟ್7, ಕ್ಯಾಟ್8 ಎಲ್ಲ ಸುಮ್ನೆ ದುಡ್ಡು ದಂಡ.

ಗೋಡೆಯೊಳಗಿನ ಕೇಬಲಿನ ತುದಿಗೆ ನೇರ ಪ್ಲಗ್ ಹಾಕಲಿಲ್ಲ. ಎರಡೂ ಕಡೆ ಕೀಸ್ಟೋನ್ ಜ್ಯಾಕ್ (ಗೋಡೆಗೆ ಕೂರುವ ಲ್ಯಾನ್ ಸಾಕೆಟ್) ಕೂರಿಸಿ, ಅಲ್ಲಿಂದ ಡಬ್ಬಿಗೆ ರೆಡಿಮೇಡ್ ಪ್ಯಾಚ್ ಕಾರ್ಡ್, ಅಂದರೆ ಎರಡೂ ತುದಿಗೆ ಪ್ಲಗ್ ಇರುವ ಗಿಡ್ಡ ಕೇಬಲ್. ಬಣ್ಣದ ಕ್ರಮ ಟಿ568ಬಿ: ಬಿಳಿ-ಕಿತ್ತಳೆ, ಕಿತ್ತಳೆ, ಬಿಳಿ-ಹಸಿರು, ನೀಲಿ, ಬಿಳಿ-ನೀಲಿ, ಹಸಿರು, ಬಿಳಿ-ಕಂದು, ಕಂದು. ಎರಡು ತುದಿಯಲ್ಲೂ ಅದೇ. ಜೋಡಿಯ ತಿರುವನ್ನು ಅರ್ಧ ಇಂಚಿಗಿಂತ ಜಾಸ್ತಿ ಬಿಚ್ಚಬೇಡಿ. ಆಮೇಲೆ ಟೆಸ್ಟರ್ ಹಾಕಿ, ಎಂಟೂ ದೀಪ ವರಸೆಯಾಗಿ ಹತ್ತಬೇಕು. ಕ್ಯಾಮೆರಾ ಹಾಕುವವರು ಎಷ್ಟೋ ಕಡೆ 1, 2, 3, 6ನೇ ಪಿನ್ನಿಗೆ ಮಾತ್ರ ತಂತಿ ಕೊಟ್ಟು ಹೋಗಿರುತ್ತಾರೆ, ಕ್ಯಾಮೆರಾಕ್ಕೆ ಅಷ್ಟು ಸಾಕು. ಅದೇ ಕೇಬಲನ್ನು ಮೆಶ್‌ಗೆ ಕೊಟ್ಟರೆ ಎಲ್ಲ ಸರಿ ಇದ್ದ ಹಾಗೇ ಕಾಣುತ್ತದೆ, ವೇಗ ಮಾತ್ರ 100 ಎಂಬಿಪಿಎಸ್ ದಾಟುವುದಿಲ್ಲ. ಗಿಗಾಬಿಟ್‌ಗೆ ನಾಲ್ಕೂ ಜೋಡಿ ಬೇಕು. ಅಗ್ಗದ ಕೆಲವು ಮೆಶ್ ಡಬ್ಬಿಗಳ ಪೋರ್ಟೇ 100ರದ್ದು, ಕೊಳ್ಳುವ ಮುಂಚೆ ನೋಡಿಕೊಳ್ಳಿ.

ಜೋಡಣೆಯ ಕ್ರಮ ಹೀಗೆ: ಫೈಬರಿನ ಓಎನ್‌ಟಿ (ಹೊರಗಿನ ಇಂಟರ್ನೆಟ್ ಫೈಬರ್ ಬಂದು ಸೇರುವ ಮೋಡೆಮ್), ಅದಕ್ಕೆ ಮುಖ್ಯ ಡೆಕೊ, ಅದರಿಂದ ಒಂದು ಸಾದಾ ಗಿಗಾಬಿಟ್ ಸ್ವಿಚ್ (ಒಂದು ಲ್ಯಾನ್ ಕೇಬಲನ್ನು ಹಲವಕ್ಕೆ ಹಂಚುವ ಪೆಟ್ಟಿಗೆ), ಸ್ವಿಚ್‌ನಿಂದ ಉಳಿದವು. ಡೆಕೊ ರೌಟರ್ ಮೋಡ್‌ನಲ್ಲಿದ್ದರೆ ಉಳಿದ ಡಬ್ಬಿಗಳನ್ನು ಓಎನ್‌ಟಿಗೆ ನೇರ ಸಿಕ್ಕಿಸಬೇಡಿ, ಅವು ಮುಖ್ಯ ಡಬ್ಬಿಯ ಹಿಂದೆಯೇ ಬರಬೇಕು. ಓಎನ್‌ಟಿ ತಾನೂ ರೌಟರ್ ಕೆಲಸ ಮಾಡುತ್ತದೆ, ಲ್ಯಾಂಡ್‌ಲೈನೂ ಅದರಲ್ಲೇ ಇದೆ ಅಂತ ನಾನು ಡೆಕೊವನ್ನು ಆಕ್ಸೆಸ್ ಪಾಯಿಂಟ್ ಮೋಡ್‌ಗೆ (ರೌಟರ್ ಕೆಲಸ ಬಿಟ್ಟು ವೈಫೈ ಮಾತ್ರ ಹರಡುವ ಹಾಗೆ) ಹಾಕಿ ಓಎನ್‌ಟಿಯ ವೈಫೈ ಆಫ್ ಮಾಡಿದೆ. ಹೊಸ ಡಬ್ಬಿಯನ್ನು ಮೊದಲು ಹಾಲ್‌ನಲ್ಲೇ ವೈಫೈ ಮೇಲೆ ಸೇರಿಸಿಕೊಂಡು, ಆಮೇಲೆ ಮೇಲೆ ಒಯ್ದು ಕೇಬಲ್ ಸಿಕ್ಕಿಸಿದರೆ ತಾನಾಗೇ ವೈರಿಗೆ ಬದಲಾಗುತ್ತದೆ. ಆ್ಯಪಿನಲ್ಲಿ ಈಥರ್ನೆಟ್ ಅಂತ ಬಂತಾ ನೋಡಿ. ಮಾಳಿಗೆಯಲ್ಲಿ ಈಗ 190ರ ಮೇಲೆ ಬರುತ್ತಿದೆ.

ಇನ್ನು ಅಂಗಳದಾಚೆಯ ಅಡಿಕೆ ಶೆಡ್. ದೂರ 60 ಮೀಟರ್, ಲೆಕ್ಕಕ್ಕೆ ಕ್ಯಾಟ್6 ಸಾಕು. ಆದರೆ ಏಪ್ರಿಲ್-ಮೇ ತಿಂಗಳ ನಮ್ಮ ಸಿಡಿಲು ಗೊತ್ತಲ್ವಾ? ಎರಡು ಕಟ್ಟಡದ ಮಧ್ಯೆ ತಾಮ್ರ ಎಳೆದರೆ ಹತ್ತಿರ ಎಲ್ಲೋ ಸಿಡಿಲು ಬಿದ್ದರೂ ಅದರ ಹೊಡೆತ ಕೇಬಲ್ ಹಿಡಿದು ಒಳಗೆ ಬಂದು ಸ್ವಿಚ್, ಡಬ್ಬಿ ಎರಡನ್ನೂ ಸುಡಬಹುದು. ಅದಕ್ಕೇ ಅಲ್ಲಿಗೆ ಫೈಬರ್ ಹಾಕಿದೆ. ಎರಡು ತುದಿಗೆ ಒಂದು ಜೋಡಿ ಗಿಗಾಬಿಟ್ ಮೀಡಿಯಾ ಕನ್ವರ್ಟರ್ (ಲ್ಯಾನ್ ಕೇಬಲಿನ ಸಿಗ್ನಲನ್ನು ಫೈಬರಿನ ಬೆಳಕಿಗೆ ಬದಲಿಸುವ ಪೆಟ್ಟಿಗೆ), ಮಧ್ಯೆ ಒಂದೇ ಎಳೆಯ ಡ್ರಾಪ್ ಕೇಬಲ್, ಅಂದರೆ ಹೊರಗೆ ಎಳೆಯುವ ಫೈಬರ್ ಕೇಬಲ್. ಕನ್ವರ್ಟರ್ ಎ ಮತ್ತು ಬಿ ಜೋಡಿಯಾಗೇ ಇರಬೇಕು, ಒಂದು ಕಳಿಸುವ ಬೆಳಕಿನ ತರಂಗವನ್ನೇ ಇನ್ನೊಂದು ಹಿಡಿಯುವುದು. ಫೈಬರಿನ ತುದಿ ಸ್ಪ್ಲೈಸ್ ಮಾಡಲಿಕ್ಕೆ (ಕರಗಿಸಿ ಬೆಸೆಯಲಿಕ್ಕೆ) ಊರಿನ ಕೇಬಲ್ ಟಿವಿ ಹುಡುಗನನ್ನು ಕರೆದೆ, ಅವನ ಹತ್ತಿರ ಮಷೀನ್ ಇತ್ತು, ಕಾಫಿ ಕುಡಿಯುವಷ್ಟರಲ್ಲಿ ಮುಗಿಸಿದ. ಡ್ರಾಪ್ ಕೇಬಲಿನ ಜೊತೆ ಆಧಾರಕ್ಕೆ ಒಂದು ಉಕ್ಕಿನ ತಂತಿ ಇರುತ್ತದೆ, ಅದನ್ನು ಗೋಡೆಯ ಹೊರಗೇ ಹುಕ್ಕಿಗೆ ಕಟ್ಟಿ ಕತ್ತರಿಸಿಬಿಡಿ. ಅದನ್ನೂ ಒಳಗೆ ತಂದರೆ ಫೈಬರ್ ಹಾಕಿ ಏನು ಬಂತು? ಕನ್ವರ್ಟರ್‌ಗಳು ನಡೆಯುವುದು ಕರೆಂಟಿನಲ್ಲೇ, ಹಾಗಾಗಿ ಗುಡುಗು ಶುರುವಾದರೆ ಪ್ಲಗ್ ಕೀಳುವ ಕೆಲಸ ಮಾತ್ರ ಈಗಲೂ ತಪ್ಪಿಲ್ಲ.